ನೊಣದ ಗಡಿಯಾರ, ರಾತ್ರಿ ಪಾಳಿಯ ಲೆಕ್ಕ

2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು, ಮಹಿಳೆಯರು ತಮ್ಮ ಒಪ್ಪಿಗೆಯ ಮೇರೆಗೆ ರಾತ್ರಿ ಪಾಳಿಯಲ್ಲಿ ದುಡಿಯಲು ಅವಕಾಶ ಕಲ್ಪಿಸಿವೆ. ಸಮಾನತೆಯ ದೃಷ್ಟಿಯಿಂದ ಇದು ಸ್ವಾಗತಾರ್ಹ. ಆದರೆ ಈ ಕುರಿತ ಚರ್ಚೆ ಹೆಚ್ಚಾಗಿ ವಾಹನ ಸೌಕರ್ಯ, ಭದ್ರತೆಗಳಿಗೇ ಸೀಮಿತವಾಗಿದೆ. ಗಂಡಾಗಲಿ ಹೆಣ್ಣಾಗಲಿ, ರಾತ್ರಿಯಿಡೀ ಎಚ್ಚರವಿರುವ ದೇಹಕ್ಕೆ ಏನಾಗುತ್ತದೆ ಎಂಬ ಪ್ರಶ್ನೆ ಬದಿಗೆ ಸರಿದಿದೆ. ಅದನ್ನು ಅರಿಯುವ ದಾರಿ ತೆರೆದದ್ದು, ಮಾಗಿದ ಬಾಳೆಹಣ್ಣಿಗೆ ಮುತ್ತುವ ಪುಟ್ಟ ನೊಣ.

1971ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯ ಸೀಮೋರ್ ಬೆಂಜರ್ ಮತ್ತು ಅವರ ವಿದ್ಯಾರ್ಥಿ ರೊನಾಲ್ಡ್ ಕೊನೊಪ್ಕಾ, ಹಣ್ಣಿನ ನೊಣಗಳಲ್ಲಿ ಮೂರು ವಿಲಕ್ಷಣ ತಳಿಗಳನ್ನು ಗುರುತಿಸಿದರು. ಒಂದರ 'ದಿನ' 19 ಗಂಟೆಯದು, ಇನ್ನೊಂದರದು 28 ಗಂಟೆಯದು. ಮೂರನೆಯದಕ್ಕೆ ದಿನದ ಲಯವೇ ಇಲ್ಲ. ಮೂರಕ್ಕೂ ಕಾರಣ ಒಂದೇ ಜೀನ್‌ನಲ್ಲಿನ ವ್ಯತ್ಯಯ. 'ಪೀರಿಯಡ್' ಎಂಬ ಆ ಜೀನನ್ನು 1984ರಲ್ಲಿ ಪ್ರತ್ಯೇಕಿಸಿ, ಗಡಿಯಾರದ ಒಳಗುಟ್ಟು ಬಿಡಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಶ್, ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಈ ಗಡಿಯಾರದ ಕ್ರಮ ಸರಳ. ಪೀರಿಯಡ್ ಜೀನ್ ತಯಾರಿಸುವ ಪ್ರೋಟೀನ್ ರಾತ್ರಿ ಜೀವಕೋಶದಲ್ಲಿ ಶೇಖರವಾಗುತ್ತದೆ. 'ಟೈಮ್‌ಲೆಸ್' ಎಂಬ ಮತ್ತೊಂದು ಪ್ರೋಟೀನಿನೊಡನೆ ಕೋಶಕೇಂದ್ರವನ್ನು ಹೊಕ್ಕು ತನ್ನದೇ ಜೀನನ್ನು ತಡೆಯುತ್ತದೆ. ದಾಸ್ತಾನು ಹೆಚ್ಚಾದಾಗ ಕಾರ್ಖಾನೆ ಉತ್ಪಾದನೆ ನಿಲ್ಲಿಸುವಂತೆ! ದಾಸ್ತಾನು ಕರಗಿದೊಡನೆ ಕೆಲಸ ಮರಳಿ ಆರಂಭ. ಒಂದು ಸುತ್ತಿಗೆ ಸುಮಾರು 24 ಗಂಟೆ. ಬೆಳಕು ಬಿದ್ದರೆ ಟೈಮ್‌ಲೆಸ್ ನಾಶವಾಗಿ ಗಡಿಯಾರದ ಮುಳ್ಳು ಸರಿಯುತ್ತದೆ.

ಮನುಷ್ಯರಲ್ಲಿಯೂ ಪೀರಿಯಡ್ ಜೀನ್‌ನ ರೂಪಗಳಿವೆ. ಮುಸ್ಸಂಜೆಗೇ ನಿದ್ರೆಗೆ ಜಾರಿ ನಸುಕಿಗೆ ಮುಂಚೆ ಏಳುವ ಕುಟುಂಬವೊಂದರಲ್ಲಿ ಅಂಥ ಜೀನ್‌ನ ವ್ಯತ್ಯಯ 2001ರಲ್ಲಿ ಪತ್ತೆಯಾಯಿತು. ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ, ಬೆಳಿಗ್ಗೆ ಕೋಶದಿಂದ ಹೊರಬರುವ ನೊಣಗಳನ್ನೂ ಸಂಜೆ ಹೊರಬರುವ ನೊಣಗಳನ್ನೂ ಪ್ರತ್ಯೇಕವಾಗಿ ಹಲವು ತಲೆಮಾರು ಬೆಳೆಸಲಾಯಿತು. ಮೊದಲಿನವುಗಳ ಗಡಿಯಾರ ವೇಗವಾಯಿತು, ಎರಡನೆಯವುಗಳದು ನಿಧಾನವಾಯಿತು. ಬೇಗ ಏಳುವುದು, ತಡವಾಗಿ ಏಳುವುದು ಕೇವಲ ಶಿಸ್ತಿನ ಪ್ರಶ್ನೆಯಲ್ಲ. ಅದರಲ್ಲಿ ಹುಟ್ಟಿನ ಪಾಲೂ ಇದೆ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ರಾತ್ರಿ ಪಾಳಿಯನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಎಂದು 2007ರಲ್ಲಿ ವರ್ಗೀಕರಿಸಿ, 2019ರಲ್ಲಿ ಅದನ್ನೇ ಎತ್ತಿಹಿಡಿಯಿತು. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಇದು ಬೆಲೆಯಲ್ಲಿ ಸೇರದ ವೆಚ್ಚವಾಗಿ ಕಾಣುತ್ತದೆ. ಸೇವೆಯ ಲಾಭ ಒಬ್ಬರಿಗೆ, ಆಸ್ಪತ್ರೆಯ ಬಿಲ್ಲು ಇನ್ನೊಬ್ಬರಿಗೆ. ಕಡತದಲ್ಲಿ ಕಾಣದ ವೆಚ್ಚ ಸರ್ಕಾರದ ಲೆಕ್ಕಕ್ಕೂ ಬರುವುದಿಲ್ಲ ಎಂಬುದನ್ನು ಆಡಳಿತದಲ್ಲಿದ್ದಾಗ ಕಂಡಿದ್ದೇನೆ.

ರಾತ್ರಿ ಪಾಳಿ ನಿಲ್ಲದು. ಆಸ್ಪತ್ರೆ, ವಿದ್ಯುತ್ ಸ್ಥಾವರ, ರೈಲುಗಳು ನಿದ್ರಿಸುವಂತಿಲ್ಲ. ಆದರೆ ಸತತ ರಾತ್ರಿಗಳಿಗೆ ಮಿತಿ, ಪಾಳಿಗಳ ನಡುವೆ ಸಾಕಷ್ಟು ಬಿಡುವು, ರಾತ್ರಿ ದುಡಿಯುವ ಎಲ್ಲ ವಯಸ್ಸಿನವರಿಗೂ ನಿಯತ ವೈದ್ಯಕೀಯ ತಪಾಸಣೆ ಕಡ್ಡಾಯವಾಗಬೇಕು. ಕಾರ್ಮಿಕರ ಒಪ್ಪಿಗೆ ಅಗತ್ಯ, ನಿಜ. ಆ ಒಪ್ಪಿಗೆಯಿಂದ ದೇಹದ ಗಡಿಯಾರವೇನೂ ಬದಲಾಗದೆಂಬುದನ್ನು ನಿಯಮ ರೂಪಿಸುವವರು ಮರೆಯಬಾರದು.