ಪೀಣ್ಯದ ನೀರು ಅನುಬಂಧಕ್ಕೆ

ಕಳೆದ ಚಳಿಗಾಲದಲ್ಲಿ ವೈಟ್‌ಫೀಲ್ಡಿನ ಹೋಟೆಲೊಂದರಲ್ಲಿ ರಸಾಯನ ವಿಜ್ಞಾನಿಗಳ ಸಮ್ಮೇಳನ ನಡೆಯಿತು. ಊಟವಾದ ಮೇಲೆ ನಮ್ಮಂಥ ಸಂಶೋಧನಾ ವಿದ್ಯಾರ್ಥಿಗಳಿಗೆಂದೇ ಒಂದು ಗೋಷ್ಠಿ: ಪೇಪರ್ ಪ್ರಕಟಿಸುವುದು ಹೇಗೆ? ಶೀರ್ಷಿಕೆ ಎಷ್ಟುದ್ದ ಇರಬೇಕು, ಸಾರಾಂಶದ ಚಿತ್ರಕ್ಕೆ ಯಾವ ಬಣ್ಣ ಒಪ್ಪುತ್ತದೆ, ಯಾವ ಜರ್ನಲ್ಲಿನ ಇಂಪ್ಯಾಕ್ಟ್ ಫ್ಯಾಕ್ಟರ್ ಎಷ್ಟು, ಎಲ್ಲ ಹೇಳಿದರು. ಬರೆದದ್ದನ್ನು ಯಾರು ಓದಬೇಕು ಎಂಬುದೊಂದನ್ನು ಬಿಟ್ಟು.

ನನ್ನ ಕೆಲಸ ಕ್ರೋಮಿಯಂ ಮೇಲೆ. ಪೀಣ್ಯದ ಅಂತರ್ಜಲಕ್ಕೆ ಕ್ರೋಮಿಯಂ ಸೇರಿರುವುದು ಸರ್ಕಾರಿ ವರದಿಗಳಲ್ಲೇ ಇರುವ ಸಂಗತಿ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು. ನಾನು ಮಾಡಿದ ತೆಂಗಿನ ಚಿಪ್ಪಿನ ಇದ್ದಿಲು, ಬಟ್ಟಿ ಇಳಿಸಿದ ನೀರಿಗೆ ಬೆರೆಸಿದ ಡೈಕ್ರೋಮೇಟನ್ನು ಚೆನ್ನಾಗಿ ಹೀರಿತು. ಪ್ಲೇಟಿಂಗ್ ಶೆಡ್ಡೊಂದರ ನೀರನ್ನೇ ತಂದು ನೋಡಿದಾಗ ಅದರಲ್ಲಿದ್ದ ಸಲ್ಫೇಟ್ ಪೈಪೋಟಿಗೆ ನಿಂತು, ಹೀರುವ ಶಕ್ತಿ ಮೂರನೇ ಒಂದಕ್ಕೆ ಇಳಿಯಿತು.

ಎದ್ದು ಕೇಳಿದೆ: ‘ಸರ್, ಈ ಎರಡನೇ ಅಂಕಿ ಎಲ್ಲಿ ಹಾಕಲಿ?’

‘ಅದು ಕಥೆ ಕೆಡಿಸುತ್ತಮ್ಮ. ಸಪ್ಲಿಮೆಂಟರಿಗೆ ತಳ್ಳಿ.’

ಅಂದರೆ ಯಾರೂ ತೆರೆಯದ ಅನುಬಂಧಕ್ಕೆ. ಸಭೆ ನಕ್ಕಿತು. ನನಗೆ ನಗು ಬರಲಿಲ್ಲ. ಪೀಣ್ಯದವರಿಗೆ ಬೇಕಾದದ್ದು ಆ ಎರಡನೇ ಅಂಕಿಯೇ. ಬಟ್ಟಿ ಇಳಿಸಿದ ನೀರು ಯಾವ ಶೆಡ್ಡಿನ ಮೋರಿಯಲ್ಲೂ ಹರಿಯುವುದಿಲ್ಲ.

ಓದುವ ದಾರಿಯಾದರೂ ತೆರೆದಿದೆಯೇ? ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಕೇಂದ್ರ ಸಂಪುಟ 2024ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್‌ಗಳು. ಸರ್ಕಾರಿ ಸಂಸ್ಥೆಯಲ್ಲಿರುವ ನನಗೆ ಅನುಕೂಲವೇ ಆಯಿತು. ಪೀಣ್ಯದ ಶೆಡ್ಡಿಗೆ ಆ ಬಾಗಿಲು ಮುಚ್ಚಿಯೇ ಇದೆ. ಚಂದಾ ಇಲ್ಲದವರು ನೆಚ್ಚಿಕೊಂಡಿದ್ದ ಸೈ-ಹಬ್ ವಿರುದ್ಧ 2020ರಲ್ಲಿ ದಿಲ್ಲಿ ಹೈಕೋರ್ಟಿಗೆ ಹೋದವರಲ್ಲಿ ಎಲ್ಸೆವಿಯರ್, ವೈಲಿ ಜೊತೆ ಅಮೆರಿಕನ್ ಕೆಮಿಕಲ್ ಸೊಸೈಟಿಯೂ ಇತ್ತು. ರಸಾಯನ ವಿಜ್ಞಾನಿಗಳದ್ದೇ ಸಂಘ!

ಪೇಪರ್ ಇಲ್ಲದೆ ಕೆಲಸ ಸಿಗುತ್ತದೆಯೇ ಎಂದು ನೀವು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಪಿಎಚ್‌ಡಿಗೆ ಪ್ರಕಟಣೆ ಕಡ್ಡಾಯವೆಂಬ ನಿಯಮವನ್ನು ಯುಜಿಸಿ 2022ರಲ್ಲಿ ಕೈಬಿಟ್ಟಿದ್ದರೂ ಸಂದರ್ಶನದಲ್ಲಿ ಎಣಿಸುವುದು ಪೇಪರನ್ನೇ. ಬರೆಯಲು ಕಲಿಸುವುದು ಬೇಡ ಎನ್ನುವಷ್ಟು ಸಿರಿವಂತಳಲ್ಲ ನಾನು. ಆದರೆ ಕಲಿಸುವುದಾದರೆ ಪೂರ್ತಿ ಕಲಿಸಿ. ನಿಜವಾದ ನೀರಿನ ಅಂಕಿ ಮುಖ್ಯ ಪಠ್ಯದಲ್ಲೇ ಇರಲಿ ಎನ್ನಿ. ಕೆಮ್‌ಆರ್ಕೈವ್‌ನಲ್ಲಿ ಪ್ರೀಪ್ರಿಂಟ್ ಹಾಕಲು ದುಡ್ಡು ಬೇಡ ಎಂದು ತಿಳಿಸಿ. 1934ರಲ್ಲಿ ಸಿ.ವಿ. ರಾಮನ್ ಇದೇ ಊರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ ‘ಜರ್ನಲ್ ಆಫ್ ಕೆಮಿಕಲ್ ಸೈನ್ಸಸ್’ ತರುತ್ತದೆ, ಅದರ ಲೇಖನಗಳನ್ನು ಅಕಾಡೆಮಿಯ ತಾಣದಲ್ಲಿ ಯಾರು ಬೇಕಾದರೂ ಪುಕ್ಕಟೆ ಓದಬಹುದು. ಆ ಗೋಷ್ಠಿಯಲ್ಲಿ ಅದರ ಹೆಸರನ್ನೂ ಎತ್ತಲಿಲ್ಲ.

ನಾನು ಆ ಅಂಕಿಯನ್ನು ಸಾರಾಂಶದ ಎರಡನೇ ವಾಕ್ಯದಲ್ಲೇ ಬರೆದಿದ್ದೇನೆ. ಒಂದು ಪುಟ ಕನ್ನಡದಲ್ಲಿ ಬರೆದು ಆ ಶೆಡ್ಡಿನ ಯಜಮಾನರಿಗೂ ಕೊಟ್ಟೆ. ಅವರು ಈಗಲೂ ಮೆಟಾಬೈಸಲ್ಫೈಟ್, ಆಮೇಲೆ ಸುಣ್ಣ ಹಾಕಿ ಕೆಸರು ಇಳಿಸುವವರು. ನಿಂತಲ್ಲೇ ಓದಿ ಕೇಳಿದರು: ‘ಅಲ್ಲ ಮೇಡಂ, ಮೊದಲು ಸಲ್ಫೇಟ್ ತೆಗೆದ್ರೆ? ಅದಕ್ಕೆಷ್ಟು ಖರ್ಚಾಗುತ್ತೆ?’

ನನ್ನ ಯಾವ ಪರಿಶೀಲಕರೂ ಖರ್ಚು ಕೇಳಿರಲಿಲ್ಲ. ಮುಂದಿನ ಗೋಷ್ಠಿಗೆ ಅವರನ್ನೂ ಕರೆಯಿರಿ. ಮುಂದಿನ ಸಾಲಿನಲ್ಲೇ ಕೂರಿಸಿ.