‘ಓದು ಸಾಕು’ ಎನ್ನುವ ಮುನ್ನ

ಕೊಟ್ಟೂರಿನ ತೇರನ್ನು ನೋಡದವರು ಆ ಸೀಮೆಯಲ್ಲಿ ವಿರಳ. ಗುರು ಕೊಟ್ಟೂರೇಶ್ವರರ ರಥವನ್ನು ನೂರಾರು ಕೈಗಳು ಎಳೆಯುತ್ತವೆ. ಆದರೆ ಎಳೆಯುವ ಬಲವೊಂದರಿಂದಲೇ ತೇರು ನೆಲೆ ಮುಟ್ಟದು. ಗಾಲಿಯ ಬಳಿಯಲ್ಲೇ ನಡೆಯುತ್ತ, ಹೊತ್ತುಹೊತ್ತಿಗೆ ಅದರಡಿಗೆ ಮರದ ತುಂಡು ಕೊಟ್ಟು ದಾರಿ ತಿದ್ದುವವರು ಬೇಕು. ನೋಡುವವರ ಕಣ್ಣು ಮಾತ್ರ ಕಳಸದ ಮೇಲೆಯೇ ನೆಟ್ಟಿರುತ್ತದೆ.

ಕೃತಕ ಉಪಗ್ರಹದ ಪಯಣವೂ ಹೀಗೆಯೇ. ರಾಕೆಟ್ಟಿನ ಬೆಂಕಿಯನ್ನೂ ಗರ್ಜನೆಯನ್ನೂ ಲೋಕವೆಲ್ಲ ನೋಡುತ್ತದೆ. ಆ ಬಳಿಕ ಉಪಗ್ರಹವು ಎಲ್ಲಿದೆ, ನಾಳೆ ಎಲ್ಲಿರುತ್ತದೆ, ಅದರ ಹಾದಿಯನ್ನು ಎಷ್ಟು ತಿದ್ದಬೇಕು ಎಂದು ಲೆಕ್ಕ ಹಾಕುವವರನ್ನು ಬಲ್ಲವರು ಕಡಿಮೆ. ಇಂಥ ಲೆಕ್ಕದಲ್ಲಿಯೇ ವೃತ್ತಿಜೀವನವನ್ನು ಕಳೆದ ಕನ್ನಡನಾಡಿನ ಮಹಿಳೆಯೊಬ್ಬರ ವೃತ್ತಾಂತವನ್ನು ನಮ್ಮ ತರುಣ ವಾಚಕರ ಮುಂದೆ ಇಡಬಯಸುತ್ತೇವೆ. ಅವರೇ ಬಿ. ಪಿ. ದಾಕ್ಷಾಯಿಣಿ.

ದಾಕ್ಷಾಯಿಣಿಯವರು 1960ರ ದಶಕದ ಭದ್ರಾವತಿಯಲ್ಲಿ ಬೆಳೆದವರು. ಆಗ ಆ ಊರಿನಲ್ಲಿ ಇಂಜಿನಿಯರಿಂಗ್ ಓದಿದ್ದ ಹೆಣ್ಣುಮಗಳು ಒಬ್ಬಳೇ ಎಂದೂ, ಆಕೆ ಮನೆಯ ಮುಂದೆ ಹಾದುಹೋದಾಗಲೆಲ್ಲ ತಾವು ಓಡಿಬಂದು ನೋಡುತ್ತಿದ್ದುದಾಗಿಯೂ ಅವರು ನೆನೆದಿದ್ದಾರೆ. ಲೆಕ್ಕಪತ್ರದ ಉದ್ಯೋಗದಲ್ಲಿದ್ದ ತಂದೆಗೆ ಗಣಿತದಲ್ಲಿ ಒಲವಿದ್ದುದರಿಂದ ಮಗಳನ್ನು ಓದಿಸಿದರು. ಆದರೆ ಪದವಿಯಾದ ಮೇಲೆ, ಇಷ್ಟು ಸಾಕೆಂಬುದು ಅವರ ಅಭಿಪ್ರಾಯವಾಗಿತ್ತು. ಮಗಳು ಹಟ ಬಿಡಲಿಲ್ಲ. ಸ್ನಾತಕೋತ್ತರ ಪದವಿಯನ್ನು ಪಡೆದು, ಕಾಲೇಜಿನಲ್ಲಿ ಗಣಿತ ಬೋಧಿಸಿ, 1984ರಲ್ಲಿ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯನ್ನು ಸೇರಿದರು. ಅಲ್ಲಿ ದೊರೆತದ್ದು ಕಂಪ್ಯೂಟರಿನ ಕೆಲಸ. ಅವರೋ ಅದುವರೆಗೆ ಕಂಪ್ಯೂಟರನ್ನೇ ಕಂಡವರಲ್ಲ! ಪುಸ್ತಕಗಳನ್ನು ಮನೆಗೊಯ್ದು ಸಂಜೆಯ ವೇಳೆ ಕಲಿತರು. ಮುಂದೆ ಉಪಗ್ರಹಗಳ ಪಥವನ್ನು ನಿರ್ಣಯಿಸುವ ತಂಡಕ್ಕೆ ಮುಖ್ಯಸ್ಥೆಯಾದರು.

ಈ ಲೆಕ್ಕದ ಬೆಲೆಯೇನು? 2013ರ ನವೆಂಬರ್ 5ರಂದು ಹೊರಟ ನಮ್ಮ ಮಂಗಳನೌಕೆಯು 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆಯನ್ನು ಸೇರಿತು. ಆ ದಿನ ನೌಕೆಯಿಂದ ರೇಡಿಯೋ ಸಂಕೇತವು ಭೂಮಿಯನ್ನು ಮುಟ್ಟಲು 12 ನಿಮಿಷಕ್ಕೂ ಹೆಚ್ಚು ಕಾಲ ಬೇಕಾಯಿತು. ತಪ್ಪನ್ನು ಕಂಡಮೇಲೆ ತಿದ್ದುವೆವೆಂದರೆ ವೇಳೆ ಮೀರಿಹೋಗಿರುತ್ತದೆ. ಆದುದರಿಂದ ನೌಕೆಯು ಎಲ್ಲಿರುವುದೆಂದು ಮೊದಲೇ ಗಣಿಸಿ, ಮಾಡಬೇಕಾದುದನ್ನೆಲ್ಲ ಅದಕ್ಕೆ ಮುಂಚಿತವಾಗಿ ತಿಳಿಸಿಡಬೇಕಾಗಿತ್ತು.

ದಾಕ್ಷಾಯಿಣಿಯವರನ್ನು ಅಪರೂಪದ ಅಪವಾದವೆಂದು ತಳ್ಳಿಹಾಕುವಂತಿಲ್ಲ. 2011ರ ಜುಲೈ 15ರಂದು ಹಾರಿದ ಜಿಸ್ಯಾಟ್-12 ಉಪಗ್ರಹವನ್ನು ಸುಮಾರು 36,000 ಕಿಲೋಮೀಟರ್ ಎತ್ತರದ ಕಕ್ಷೆಗೆ ಏರಿಸಿದುದು ಹಾಸನದ ನಿಯಂತ್ರಣ ಕೇಂದ್ರದಿಂದ. ಆ ಯೋಜನೆಯ ನಿರ್ದೇಶಕಿ ಬೆಂಗಳೂರಿನ ಟಿ. ಕೆ. ಅನುರಾಧಾ.

ಹಾಗಾದರೆ ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳ ಹೆಣ್ಣುಮಕ್ಕಳಿಗೆ ಅಡ್ಡಿ ಯಾವುದು? ಬುದ್ಧಿಯ ಕೊರತೆಯಂತೂ ಅಲ್ಲ. ‘ಇಷ್ಟು ಓದು ಸಾಕು’ ಎಂಬ ಮಾತು ಮನೆಯಲ್ಲಿ ಯಾವಾಗ ಹುಟ್ಟುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ ಎಂದು ನಮ್ಮ ಭಾವನೆ. ಮಗಳನ್ನು ಓದಿಸಿದ ತಂದೆಯ ಬಾಯಲ್ಲೂ ಅದು ಬರಬಹುದು. ಪ್ರೀತಿಯಿಂದ ಆಡಿದರೂ ಅದು ದಾರಿಯನ್ನು ಮುಚ್ಚುವ ಮಾತೇ.

ಇನ್ನೊಂದು ಮಾತನ್ನೂ ಮರೆಯಬಾರದು. ದಾಕ್ಷಾಯಿಣಿಯವರು ಮದುವೆಯ ನಂತರ ದೊಡ್ಡ ಸಂಸಾರದ ಅಡಿಗೆಯನ್ನೂ ಮಾಡಿ ಕಚೇರಿಯ ಕೆಲಸವನ್ನೂ ನಡೆಸಿದವರು. ಎರಡು ಹೊರೆ ಹೊತ್ತರೆಂದು ಹೊಗಳಿ ಕೈತೊಳೆದುಕೊಳ್ಳುವುದು ಸುಲಭ. ಒಂದು ಹೊರೆಯನ್ನು ಮನೆಯವರೆಲ್ಲ ಹಂಚಿಕೊಳ್ಳುವುದೇ ನಿಜವಾದ ಗೌರವ. ಇದನ್ನು ನಮ್ಮ ವಿದ್ಯಾರ್ಥಿಮಿತ್ರರಲ್ಲಿ ಹುಡುಗರು ಮುಖ್ಯವಾಗಿ ಗಮನಿಸಬೇಕು.

ಭದ್ರಾವತಿಯ ಬೀದಿಯಲ್ಲಿ ನಡೆದುಹೋದ ಆ ಒಬ್ಬ ಹೆಣ್ಣುಮಗಳಿಗೆ, ತನ್ನನ್ನು ನೋಡಲು ಬಾಗಿಲಿಗೆ ಓಡಿಬರುತ್ತಿದ್ದ ಬಾಲಕಿ ಮುಂದೆ ಏನಾದಾಳೆಂದು ತಿಳಿದಿರಲಾರದು. ಇಂದು ಕೊಟ್ಟೂರಿನಿಂದ ಇಂಜಿನಿಯರಿಂಗ್ ಓದಲು ಹೋದವಳು ರಜೆಗೆ ಬಂದಾಗ ತನ್ನ ಹಳೆಯ ಶಾಲೆಗೆ ಒಮ್ಮೆ ಹೋಗಿಬರಲಿ. ಅಲ್ಲಿಯೂ ಯಾವಳೋ ಬಾಲಕಿ ಕಿಟಕಿಯಿಂದ ನೋಡುತ್ತಿರಬಹುದು.