"ಎತ್ಕೊಳ್ಳೋಕೆ ಆಗಲ್ವಾ?"

ವಿಡಿಯೊ ಕಾಲ್ ಶುರುವಾಗಿ ಒಂದು ನಿಮಿಷವೂ ಆಗಿರಲಿಲ್ಲ. ಮೈಸೂರಿನಿಂದ ದೊಡ್ಡಮ್ಮ ಕೇಳಿದರು: "ಅಯ್ಯೋ, ಆ ಕೂಸನ್ನ ಯಾಕೆ ಬುಟ್ಟೀಲಿ ಹಾಕಿ ಕಟ್ಟಿದ್ದೀಯೇ? ಎತ್ಕೊಳ್ಳೋಕೆ ಆಗಲ್ವಾ?"

ಆ ಬುಟ್ಟಿ ಅಂದರೆ ಬೌನ್ಸರ್ ಸೀಟು. ತಂತಿಯ ಚೌಕಟ್ಟು, ಮೇಲೆ ಬಿಗಿದ ಬಟ್ಟೆ, ಸೊಂಟಕ್ಕೊಂದು ಪಟ್ಟಿ. ಮಗು ಕಾಲು ಒದ್ದರೆ ಮೆಲ್ಲಗೆ ಮೇಲೆ ಕೆಳಗೆ ಆಡುತ್ತೆ. ನನ್ನ ಮಗಳಿಗೆ ಆಗ ಒಂಬತ್ತು ವಾರ. ಓಹಾಯೊದ ಜನವರಿ, ಹೊರಗೆಲ್ಲ ಹಿಮ. ಗಂಡ ಆಫೀಸಿಗೆ ಹೋಗಿದ್ದರು. ಎಂಟು ಗಂಟೆಗೆ ಮಾಡಿದ ಉಪ್ಪಿಟ್ಟು ಹನ್ನೊಂದೂವರೆಗೂ ತಟ್ಟೆಯಲ್ಲೇ ತಣ್ಣಗೆ ಕೂತಿತ್ತು. ದೊಡ್ಡಮ್ಮನಿಗೆ ನಾನು ಏನೂ ಹೇಳಲಿಲ್ಲ. ನಕ್ಕೆ, ಮಗುವನ್ನು ಎತ್ತಿಕೊಂಡೆ. ಉಪ್ಪಿಟ್ಟು ಅಲ್ಲೇ ಉಳಿಯಿತು.

ಈ ವಾರದ ಎಪಿಸೋಡಿನಲ್ಲಿ ಬಾಣಂತನದ ಬಗ್ಗೆ ಮಾತಾಡುವಾಗಲೂ ಅರ್ಧ ಮಾತು ನುಂಗಿಕೊಂಡೆ. ಉಳಿದರ್ಧ ಇಲ್ಲಿದೆ.

"ನಾವೆಲ್ಲ ಇಂಥದ್ದಿಲ್ಲದೇ ಮಕ್ಕಳನ್ನ ಸಾಕಲಿಲ್ವಾ?" ಈ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತೆ. ಸಾಕಿದಿರಿ, ನಿಜ. ಎಷ್ಟು ಜನ ಸೇರಿ ಸಾಕಿದಿರಿ ಅಂತಲೂ ಸ್ವಲ್ಪ ಲೆಕ್ಕ ಹಾಕೋಣ.

ಇಲ್ಲೇ ಹುಟ್ಟಿ ಬೆಳೆದು ಕನ್ನಡ ಕಲಿಯುತ್ತಿರುವವರಿಗೆ ಒಂದು ಮಾತು: ಬಾಣಂತಿ ಅಂದರೆ ಹೊಸದಾಗಿ ಹೆತ್ತ ತಾಯಿ, ಬಾಣಂತನ ಅಂದರೆ ಆಕೆಗೆ ಮನೆಯವರು ಮಾಡುವ ಆರೈಕೆ. ನನ್ನನ್ನು ಹೆತ್ತಾಗ ಅಮ್ಮ ಮೂರು ತಿಂಗಳು ತವರಿನಲ್ಲಿದ್ದಳು. ನನಗೆ ಎಣ್ಣೆ ತಿಕ್ಕಿ, ಚಾಚಿದ ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕೋಕೆ ಒಬ್ಬಾಕೆ ಬರುತ್ತಿದ್ದಳು. ಬಿಸಿ ಅನ್ನ, ಮೆಣಸಿನ ಸಾರು ಅಜ್ಜಿಯ ಕೆಲಸ. ತೊಟ್ಟಿಲು ತೂಗೋಕೆ ಚಿಕ್ಕಮ್ಮ. ಬಟ್ಟೆ ಒಗೆಯೋಕೆ ಇನ್ನೊಬ್ಬರು. ಕಡಿಮೆ ಅಂದರೂ ನಾಲ್ಕು ಜೊತೆ ಕೈ. ಆ ಕೈಗಳಲ್ಲಿ ಎರಡು ಜೊತೆಗೆ ಸಂಬಳ ತೀರಾ ಕಡಿಮೆ ಇತ್ತು ಅನ್ನೋದನ್ನೂ ಮರೆಯೋದು ಬೇಡ.

ನನಗೆ ಇದ್ದದ್ದು ಒಂದು ಜೊತೆ. ಅಮ್ಮ ಬಂದು ಆರು ವಾರ ಇದ್ದಳು. ಊರಲ್ಲಿ ಅಪ್ಪನನ್ನು ನೋಡಿಕೊಳ್ಳಬೇಕಿತ್ತು, ಹೊರಟಳು. ಇಲ್ಲಿನ ಕಾನೂನಿನ ಕಥೆ ನಿಮಗೆ ಗೊತ್ತು. 1993ರ ಕೇಂದ್ರ ಕಾನೂನು ಕೊಡೋದು 12 ವಾರದ ರಜೆ, ಅದೂ ಸಂಬಳವಿಲ್ಲದೆ. ಅದಕ್ಕೂ ಕಂಪನಿಯಲ್ಲಿ 50 ಜನ ಇರಬೇಕು, ನೀವು ಸೇರಿ ಒಂದು ವರ್ಷ ಆಗಿರಬೇಕು. ಭಾರತದಲ್ಲಿ 2017ರಿಂದ ಮೊದಲ ಎರಡು ಹೆರಿಗೆಗೆ ಸಂಬಳದ ಜೊತೆ 26 ವಾರ ರಜೆ ಇದೆ. ಹೊಲದಲ್ಲಿ, ಮನೆಗೆಲಸದಲ್ಲಿ ದುಡಿಯುವವರಿಗೆ ಅಲ್ಲೂ ಅದು ಸಿಗಲ್ಲ, ಆ ಮಾತು ಬೇರೆ.

ಹಾಗಾಗಿ ನಾನು ಸ್ನಾನಕ್ಕೆ ಹೋಗುವಾಗ ಮಗುವನ್ನು ಎಲ್ಲಿ ಬಿಡಬೇಕು? ಕುಕ್ಕರ್ ಇಳಿಸುವಾಗ ಎಲ್ಲಿ ಬಿಡಬೇಕು? ಸೋಫಾ ಮೇಲೆ ಬಿಟ್ಟರೆ ಉರುಳಿ ಬೀಳುತ್ತೆ. ಸೊಂಟದಲ್ಲಿ ಇಟ್ಟುಕೊಂಡು ಒಗ್ಗರಣೆ ಹಾಕಿದರೆ ಎಣ್ಣೆ ಸಿಡಿಯುತ್ತೆ. ಬೌನ್ಸರನ್ನು ಬಚ್ಚಲ ಬಾಗಿಲ ಹತ್ತಿರ ನೆಲದ ಮೇಲೆ ಇಟ್ಟು, ಪರದೆ ಸರಿಸಿ "ಬಂದೆ ಪುಟ್ಟಾ" ಅಂತ ಮಾತಾಡಿಸುತ್ತಾ ಎರಡು ಚೊಂಬು ನೀರು ಹಾಕಿಕೊಳ್ಳೋದು ಸೋಮಾರಿತನ ಅಲ್ಲ. ಮನೇಲಿ ಇಲ್ಲದ ಚಿಕ್ಕಮ್ಮನ ಕೆಲಸವನ್ನು ಅದು ಹತ್ತು ನಿಮಿಷ ಮಾಡುತ್ತೆ, ಅಷ್ಟೇ.

ಇಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಬೇಜಾರು ಮಾಡಿಕೊಂಡು ಮರೆಯುತ್ತಿದ್ದೆ. ನಾಚಿಕೆಪಡಿಸುವ ಈ ಚಾಳಿಯಿಂದ ಮಗುವಿಗೇ ಅಪಾಯ ಇದೆ. ಅದು ನನಗೆ ಹೇಗೆ ಗೊತ್ತಾಯಿತು ಅಂತ ಕೇಳಿ.

ಒಂದು ಮಧ್ಯಾಹ್ನ ಮಗಳು ಹಾಲು ಕುಡಿದು ಬೌನ್ಸರಿನಲ್ಲೇ ನಿದ್ದೆ ಹೋದಳು. ಎಬ್ಬಿಸೋದು ಬೇಡ ಅಂತ ಬಟ್ಟೆ ಮಡಚೋಕೆ ಪಕ್ಕದ ರೂಮಿಗೆ ಹೋದೆ. ಕಾಲು ಗಂಟೆ ಬಿಟ್ಟು ಬಂದು ನೋಡಿದರೆ ತಲೆ ಮುಂದಕ್ಕೆ ವಾಲಿ ಗದ್ದ ಎದೆಗೆ ತಾಗಿತ್ತು. ಉಸಿರು ಗೊರಗೊರ ಅನ್ನುತ್ತಿತ್ತು. ಬಾಚಿ ಎತ್ತಿಕೊಂಡೆ. ಏನೂ ಆಗಲಿಲ್ಲ, ದೇವರು ದೊಡ್ಡವನು. ಆಮೇಲೆ ಡಾಕ್ಟರ್ ಹೇಳಿದರು: ಎಳೆ ಮಗುವಿನ ತಲೆ ಭಾರ, ಕುತ್ತಿಗೆಗೆ ಶಕ್ತಿ ಇಲ್ಲ. ಇಳಿಜಾರು ಸೀಟಿನಲ್ಲಿ ಗದ್ದ ಎದೆಗೆ ಒತ್ತಿದರೆ ಉಸಿರಿನ ದಾರಿ ಮುಚ್ಚಿಕೊಳ್ಳಬಹುದು, ಅಳುವ ಸದ್ದೂ ಬರದೇ ಇರಬಹುದು.

ಇದನ್ನು ನಾನು ಮೊದಲೇ ಯಾಕೆ ಕೇಳಿರಲಿಲ್ಲ? ಬೌನ್ಸರ್ ಬಳಸ್ತೀನಿ ಅಂತ ಹೇಳಿಕೊಳ್ಳೋಕೇ ನಾಚಿಕೆ ಆಗುತ್ತಿತ್ತು. ಬಳಸೋದನ್ನೇ ಮುಚ್ಚಿಡುವವಳು ಹೇಗೆ ಬಳಸಬೇಕು ಅಂತ ಯಾರನ್ನು ಕೇಳುತ್ತಾಳೆ ಹೇಳಿ?

ಕೇಳಿದ್ದರೆ ಉತ್ತರ ಸಿದ್ಧವಾಗಿತ್ತು. 2019ರ ಏಪ್ರಿಲ್‌ನಲ್ಲಿ ಇದೇ ದೇಶದಲ್ಲಿ ಮಕ್ಕಳನ್ನು ಮಲಗಿಸೋಕೆ ಅಂತಲೇ ಮಾರಿದ್ದ ಸುಮಾರು 47 ಲಕ್ಷ ಇಳಿಜಾರು ತೊಟ್ಟಿಲುಗಳನ್ನು, ಶಿಶುಗಳ ಸಾವಿನ ನಂತರ, ವಾಪಸ್ ಕರೆಸಿದರು. 2022ರ ಕಾನೂನು 10 ಡಿಗ್ರಿಗಿಂತ ಹೆಚ್ಚು ಇಳಿಜಾರಿನ ಅಂಥ ತೊಟ್ಟಿಲುಗಳನ್ನು ಮಾರೋದನ್ನೇ ನಿಷೇಧಿಸಿತು. ಬೌನ್ಸರಿಗೆ ಆ ನಿಷೇಧ ಇಲ್ಲ, ಯಾಕಂದರೆ ಅದು ಎಚ್ಚರವಾಗಿರುವ ಮಗುವಿನ ಸೀಟು. ನಿದ್ದೆ ಬಂದ ಕ್ಷಣ ಅದರ ಕೆಲಸ ಮುಗಿಯಿತು. ಎತ್ತಿ, ಗಟ್ಟಿಯಾದ ಸಮತಟ್ಟು ಹಾಸಿಗೆಯಲ್ಲಿ ಅಂಗಾತ ಮಲಗಿಸಬೇಕು. ನೆಲದ ಮೇಲೆ ಮಾತ್ರ ಇಡಬೇಕು; ಊಟದ ಮೇಜು, ಅಡುಗೆ ಕಟ್ಟೆ, ಮಂಚ ಬೇಡ, ಮಗು ಒದ್ದಂತೆ ಸೀಟು ಜರುಗುತ್ತೆ. ಪಟ್ಟಿ ಪ್ರತಿ ಸಲ ಹಾಕಬೇಕು. ಕಣ್ಣಳತೆಯಲ್ಲಿರಬೇಕು. ಒಮ್ಮೆಗೆ ಹತ್ತಿಪ್ಪತ್ತು ನಿಮಿಷ ಸಾಕು, ಉಳಿದಂತೆ ಚಾಪೆ ಮೇಲೆ ಬೋರಲು ಹಾಕಿ ಆಡಿಸಿ. ಮಗು ತಾನೇ ಎದ್ದು ಕೂರೋಕೆ ಹವಣಿಸಿದ ದಿನ ಸೀಟನ್ನು ಎತ್ತಿಡಿ.

ಇದನ್ನು ಓದಿ "ನೋಡಿದ್ಯಾ, ನಮ್ಮ ಸೀರೆ ಜೋಲಿನೇ ವಾಸಿ" ಅನ್ನುವವರಿದ್ದಾರೆ. ಜೋಲಿಯೂ ಬಾಗಿದ್ದೇ. ಅದರಲ್ಲೂ ಗದ್ದ ಎದೆಗೆ ಒತ್ತುತ್ತೆ. ನಮ್ಮದು ಅನ್ನೋ ಕಾರಣಕ್ಕೆ ಯಾವುದೂ ಸುರಕ್ಷಿತ ಆಗಲ್ಲ. ಜೋಲಿಯ ಪಕ್ಕ ಅಜ್ಜಿ ಕೂತಿರುತ್ತಿದ್ದರು, ಆ ಅಜ್ಜಿ ದೊಡ್ಡ ಕಾವಲು. "ನಮ್ಮ ಮನೇಲಿ ಅಂಥ ಸಾಮಾನೇ ತಂದಿಲ್ಲ" ಅಂತ ಪಾಟ್‌ಲಕ್‌ಗಳಲ್ಲಿ ಹೆಮ್ಮೆ ಪಡುವ ಗೆಳತಿಯರೇ, ನಿಮ್ಮ ಅತ್ತೆಯವರು ಆರು ತಿಂಗಳ ವೀಸಾ ಮೇಲೆ ಬಂದು ಜೊತೆಗಿದ್ದರು ಅಂತಲೂ ಸೇರಿಸಿ ಹೇಳಿ.

ಇನ್ನು ಅಪ್ಪಂದಿರು. "ಮಗು ಯಾಕೆ ಬುಟ್ಟೀಲಿದೆ?" ಅಂತ ನನ್ನ ಗಂಡನನ್ನು ಯಾರೂ ಒಂದು ದಿನವೂ ಕೇಳಲಿಲ್ಲ. ಅವರು ಮಗುವನ್ನು ಬೌನ್ಸರಿನಲ್ಲಿ ಕೂರಿಸಿ ಪಾತ್ರೆ ತೊಳೆದರೆ "ಎಷ್ಟು ಸಹಾಯ ಮಾಡ್ತಾನೆ!" ನಾನು ಅದನ್ನೇ ಮಾಡಿದರೆ "ಎತ್ಕೊಳ್ಳೋಕೆ ಆಗಲ್ವಾ?" ಸೀಟು ಅದೇ, ಮಗು ಅದೇ.

ಊರಿನಿಂದ ಕಾಲ್ ಮಾಡುವ ಹಿರಿಯರಿಗೆ ಇದನ್ನು ಓದಿ ಹೇಳಿ. ಮುಂದಿನ ಸಲ ಸ್ಕ್ರೀನಿನಲ್ಲಿ ಬೌನ್ಸರ್ ಕಂಡರೆ ಎರಡೇ ಪ್ರಶ್ನೆ ಕೇಳಿ. ಮಗು ಎಚ್ಚರವಾಗಿದೆಯಾ? ನಿನ್ನ ಊಟ ಆಯ್ತಾ? ಆಗಿಲ್ಲ ಅಂದರೆ, "ನಾನು ಇಲ್ಲಿಂದ ಮಗೂನ ಮಾತಾಡಿಸ್ತಿರ್ತೀನಿ, ನೀನು ಅದರ ಎದುರಿಗೇ ಕೂತು ಬಿಸಿಯಾಗಿ ತಿನ್ನು" ಅನ್ನಿ. ಅಷ್ಟು ದೂರದಿಂದ ಕೈ ಕೊಡೋಕೆ ಆಗಲ್ಲ, ಇಷ್ಟಾದರೂ ಆಗುತ್ತೆ.